ಬಡವರ ಚಿತ್ರ, ತೆಗೆಯುವವರ ಹೊಣೆ

1877ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಲಂಡನ್ನಿನ ‘ದಿ ಗ್ರಾಫಿಕ್’ ಎಂಬ ಸಚಿತ್ರ ವಾರಪತ್ರಿಕೆಯು ಬಳ್ಳಾರಿ ಜಿಲ್ಲೆಯ ಬರಗಾಲದ ಚಿತ್ರಗಳನ್ನು ಪ್ರಕಟಿಸಿತು. ಅವುಗಳಲ್ಲೊಂದು ದಿಕ್ಕಿಲ್ಲದ ಇಬ್ಬರು ಮಕ್ಕಳ ಚಿತ್ರ. ನಮ್ಮ ರಾಯದುರ್ಗ, ಆದವಾನಿ, ಆಲೂರು ತಾಲೂಕುಗಳು ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಏರ್ಪಟ್ಟಾಗ ಅವು ಇತ್ತ ಬಂದವು. ಆದ್ದರಿಂದ ಆ ಮಕ್ಕಳು ನಮ್ಮ ಸೀಮೆಯವರೆಂದು ಹೇಳಲು ಅಡ್ಡಿಯಿಲ್ಲ. ಜಿಲ್ಲೆಯ ಹೆಸರಿನಿಂದ ಆ ಚಿತ್ರವನ್ನು ಇಂದಿಗೂ ಗುರುತಿಸುತ್ತಾರೆ. ಮಕ್ಕಳ ಹೆಸರು ಮಾತ್ರ ಉಳಿದುಬಂದಿಲ್ಲ.

ಹಿರಿಯರು ‘ಧಾತು ಬರ’ ಎಂದು ಹೇಳುತ್ತಿದ್ದುದು ಈ ಬರಗಾಲವನ್ನೇ. ಧಾತು ಸಂವತ್ಸರದಲ್ಲಿ, ಅಂದರೆ 1876ರಲ್ಲಿ, ಮಳೆ ಕೈಕೊಟ್ಟಿತು. ಮುಂದಿನ ಈಶ್ವರ ಸಂವತ್ಸರದಲ್ಲಿಯೂ ಕಷ್ಟ ತೀರಲಿಲ್ಲ. 1878ರ ವರೆಗೆ ಮದರಾಸು ಪ್ರಾಂತ, ಮೈಸೂರು, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು, ಹೈದರಾಬಾದು ಇವೆಲ್ಲ ಸೇರಿ ಸತ್ತವರ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು. ಇಷ್ಟು ದೊಡ್ಡ ಪ್ರಮಾಣದಲ್ಲಿ ಕ್ಯಾಮರಾದ ಕಣ್ಣಿಗೆ ಬಿದ್ದ ನಮ್ಮ ದೇಶದ ಮೊದಲ ಬರಗಾಲಗಳಲ್ಲಿ ಇದೂ ಒಂದು. ಹಸಿದವರ ಮುಂದೆ ಕ್ಯಾಮರಾ ಹಿಡಿದು ನಿಲ್ಲುವುದು ಸರಿಯೇ, ಸರಿಯಾದರೆ ಹೇಗೆ ನಿಲ್ಲಬೇಕು ಎಂಬ ಪ್ರಶ್ನೆ ನಮ್ಮ ನೆಲದ ಮಟ್ಟಿಗೆ ಅಂದೇ ಹುಟ್ಟಿತು. ಇಂದು ಕ್ಯಾಮರಾ ಇಲ್ಲದ ಮನೆಯೇ ಅಪರೂಪ. ಎಂಟನೆಯ ತರಗತಿಯ ಹುಡುಗನ ಕೈಯಲ್ಲೂ ಅಪ್ಪನ ಮೊಬೈಲು ಇದೆ. ಆದ್ದರಿಂದ ಪ್ರಶ್ನೆ ಈಗ ಲಂಡನ್ನಿನ ಪತ್ರಿಕೆಯದಾಗಿ ಉಳಿದಿಲ್ಲ, ನಮ್ಮ ಮನೆಯದೇ ಆಗಿದೆ. ಈ ಕಾರಣದಿಂದ ವಿದ್ಯಾರ್ಥಿಗಳೂ ಅವರ ತಂದೆತಾಯಂದಿರೂ ಒಟ್ಟಿಗೆ ಯೋಚಿಸಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಅಂದಿನ ಕ್ಯಾಮರಾದ ವಿಷಯ. 1877ರಲ್ಲಿ ಪತ್ರಿಕೆಗಳು ಛಾಯಾಚಿತ್ರವನ್ನು ಈಗಿನಂತೆ ನೇರವಾಗಿ ಅಚ್ಚು ಹಾಕುವಂತಿರಲಿಲ್ಲ. ಛಾಯಾಚಿತ್ರವನ್ನೋ ಕೈಯಿಂದ ಬರೆದ ರೇಖಾಚಿತ್ರವನ್ನೋ ನೋಡಿಕೊಂಡು ಕುಶಲಕರ್ಮಿಗಳು ಮರದ ಅಚ್ಚಿನ ಮೇಲೆ ಕೆತ್ತುತ್ತಿದ್ದರು. ಛಾಯಾಚಿತ್ರ ತೆಗೆಯುವುದೂ ಸುಲಭವಾಗಿರಲಿಲ್ಲ. ಆಗ ಹೆಚ್ಚಾಗಿ ಬಳಕೆಯಲ್ಲಿದ್ದ ‘ಒದ್ದೆ ಫಲಕ’ದ ವಿಧಾನದಲ್ಲಿ ಗಾಜಿನ ಹಲಗೆಗೆ ಸ್ಥಳದಲ್ಲಿಯೇ ರಾಸಾಯನಿಕ ಲೇಪಿಸಿ, ಅದು ಆರುವ ಮುನ್ನವೇ ಚಿತ್ರ ತೆಗೆದು, ಪಕ್ಕದಲ್ಲಿ ಹಾಕಿದ ಕತ್ತಲೆ ಡೇರೆಯಲ್ಲಿ ತೊಳೆಯಬೇಕಾಗಿತ್ತು. ಎದುರಿಗಿರುವವರು ಕೆಲವು ಸೆಕೆಂಡುಗಳ ಕಾಲವಾದರೂ ಅಲುಗಾಡಬಾರದು. ಅಲುಗಾಡಿದರೆ ಮುಖ ಮಸುಕಾಗುತ್ತದೆ. ಎಂದರೆ, ಹಸಿದವರನ್ನು ದಾರಿಯಲ್ಲಿ ಹೋಗುತ್ತಾ ಕಂಡು ತಟ್ಟನೆ ಚಿತ್ರ ತೆಗೆದೆವು ಎಂದು ಆ ಕಾಲದಲ್ಲಿ ಯಾರೂ ಹೇಳುವ ಹಾಗಿಲ್ಲ. ಅವರನ್ನು ಕೂರಿಸಬೇಕು, ಅಲುಗಾಡಬೇಡಿ ಎಂದು ಹೇಳಬೇಕು, ಕಾಯಬೇಕು.

ಮದರಾಸು ಅಶ್ವದಳದ ಅಧಿಕಾರಿಯಾಗಿದ್ದ ವಿಲೋಬಿ ವಾಲೇಸ್ ಹೂಪರ್ ಎಂಬಾತ ಮಾಡಿದ್ದು ಇದನ್ನೇ. ಧಾತು ಬರದ ಕಾಲದಲ್ಲಿ ಆತ ತೆಗೆದ ಚಿತ್ರಗಳು ಈಗಲೂ ಉಳಿದಿವೆ. ಅವುಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ಒಂದು ಕುಟುಂಬದ ಭಾವಚಿತ್ರಕ್ಕೆ ಕುಳಿತವರಂತೆ ಸಾಲಾಗಿ ಕುಳಿತಿದ್ದಾರೆ. ಎಲುಬುಗಳು ಎಣಿಸುವಂತೆ ಕಾಣುತ್ತವೆ. ಚಿತ್ರ ತೆಗೆದಾದ ಮೇಲೆ ಅವರಿಗೆ ಏನೂ ಕೊಡದೆ ಕಳುಹಿಸಿದನೆಂಬ ಆಪಾದನೆಯೂ ಆತನ ಮೇಲಿದೆ. ಆಪಾದನೆಯನ್ನು ಬದಿಗಿಟ್ಟರೂ ಚಿತ್ರಗಳೇ ಸಾಕಷ್ಟು ಹೇಳುತ್ತವೆ. ನಿಲ್ಲಲು ತ್ರಾಣವಿಲ್ಲದವರನ್ನು ಅಲುಗಾಡದಂತೆ ಕೂರಿಸಿದ್ದಾನೆ, ಯಾರ ಹೆಸರನ್ನೂ ದಾಖಲಿಸಿಲ್ಲ. ಇದೇ ಹೂಪರ್ 1886ರಲ್ಲಿ ಬರ್ಮಾದ ಮಾಂಡಲೆಯಲ್ಲಿ, ಮರಣದಂಡನೆಗೆ ಗುರಿಯಾದವರಿಗೆ ಗುಂಡು ತಗಲುವ ಕ್ಷಣವನ್ನೇ ಕ್ಯಾಮರಾದಲ್ಲಿ ಹಿಡಿಯಲು ಹೋಗಿ, ಅದು ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವಾಗಿ ವಿಚಾರಣೆಗೆ ಒಳಗಾದನು. ಕ್ಯಾಮರಾದ ಹಿಂದೆ ನಿಂತವನಿಗೆ ಎದುರಿಗಿರುವವನು ಮನುಷ್ಯನೆಂಬುದೇ ಮರೆತುಹೋಗುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮಗೆ ತಿಳಿದಿಲ್ಲ.

ಹಾಗಾದರೆ ಬಡವರ ಚಿತ್ರವನ್ನೇ ತೆಗೆಯಬಾರದು ಎಂದು ನಿಯಮ ಮಾಡಿಬಿಟ್ಟರೆ ಆಯಿತಲ್ಲ ಎಂದು ಯಾರಾದರೂ ಹೇಳಿಯಾರು. ಅದು ಕೂಡದು. 1943ರಲ್ಲಿ ಬಂಗಾಳದಲ್ಲಿ ಜನ ಸಾಯುತ್ತಿದ್ದಾಗ ಸರಕಾರ ‘ಬರಗಾಲ’ ಎಂಬ ಮಾತನ್ನೇ ಅಧಿಕೃತವಾಗಿ ಆಡಲು ಸಿದ್ಧವಿರಲಿಲ್ಲ. ಯುದ್ಧದ ಕಾಲ, ಸುದ್ದಿಗೆ ಕಡಿವಾಣವಿತ್ತು. ಆಗ ಕಲಕತ್ತೆಯ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕರಾಗಿದ್ದ ಇಯಾನ್ ಸ್ಟೀಫನ್ಸ್ ಎಂಬವರು ಆಗಸ್ಟ್ 22ರಂದು ಕಲಕತ್ತೆಯ ಬೀದಿಗಳಲ್ಲಿ ಬಿದ್ದಿದ್ದವರ ಛಾಯಾಚಿತ್ರಗಳನ್ನು ಪ್ರಕಟಿಸಿಬಿಟ್ಟರು. ಅಂಕಿಅಂಶಗಳನ್ನು ಅಲ್ಲಗಳೆಯಬಹುದು, ಛಾಯಾಚಿತ್ರವನ್ನು ಅಲ್ಲಗಳೆಯುವುದು ಕಷ್ಟ. ಸುದ್ದಿ ದೇಶವಿದೇಶಗಳಿಗೆ ಹರಡಿತು. ಅಕ್ಟೋಬರಿನಲ್ಲಿ ಹೊಸ ವೈಸರಾಯ್ ವೇವೆಲ್ ಕಲಕತ್ತೆಗೆ ಬಂದು ಪರಿಹಾರ ಕಾರ್ಯಕ್ಕೆ ಸೈನ್ಯವನ್ನು ಹಚ್ಚಿದರು. ಆ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಆ ಚಿತ್ರಗಳು ಬಾರದೆ ಇದ್ದಿದ್ದರೆ ಇನ್ನೆಷ್ಟು ಕಾಲ ಮುಚ್ಚಿಡುತ್ತಿದ್ದರೋ! ಅದೇ ಕಾಲದಲ್ಲಿ ಸುನಿಲ್ ಜಾನಾ ಎಂಬ ತರುಣ ಬಂಗಾಳದ ಹಳ್ಳಿಗಳನ್ನು ಸುತ್ತಿ ತೆಗೆದ ಚಿತ್ರಗಳೂ ಇಂದು ನಮ್ಮ ದೇಶದ ಚರಿತ್ರೆಗೆ ಸಾಕ್ಷಿಯಾಗಿವೆ. ಬಡತನವನ್ನು ಮರೆಮಾಡುವುದರಿಂದ ಬಡವರಿಗೆ ಉಪಕಾರವಿಲ್ಲ. ಮರೆಮಾಡಲು ಹೆಚ್ಚು ಆತುರಪಡುವವರು ಸಾಮಾನ್ಯವಾಗಿ ಬಡವರಲ್ಲ.

ಆದ್ದರಿಂದ ಚಿತ್ರ ತೆಗೆಯಬೇಕೋ ಬೇಡವೋ ಎನ್ನುವುದಕ್ಕಿಂತ, ಆ ಚಿತ್ರದಲ್ಲಿ ಇರುವವರಿಗೆ ಅದರಲ್ಲಿ ಏನು ಪಾಲು ಎಂದು ಕೇಳುವುದು ಹೆಚ್ಚು ಉಪಯುಕ್ತವೆಂದು ನಮ್ಮ ಅಭಿಪ್ರಾಯ. ತೆಗೆಯುವವರ ಮನಸ್ಸು ಒಳ್ಳೆಯದಿದ್ದರೆ ಸಾಲದೇ ಎಂದರೆ, ಸಾಲದು. ಇದಕ್ಕೆ ಜಗತ್ಪ್ರಸಿದ್ಧವಾದ ಒಂದು ಚಿತ್ರದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

1936ನೆಯ ಮಾರ್ಚ್ ತಿಂಗಳು. ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲ. ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಬಟಾಣಿ ಬಿಡಿಸಲು ಬಂದ ಕೂಲಿಕಾರರ ಡೇರೆಗಳಿದ್ದವು. ಹಿಮ ಬಿದ್ದು ಬೆಳೆ ಹಾಳಾಗಿತ್ತು. ಬೆಳೆ ಇಲ್ಲವೆಂದ ಮೇಲೆ ಕೂಲಿಯೂ ಇಲ್ಲ. ಸುಗ್ಗಿಯ ಬೆನ್ನುಹತ್ತಿ ಹೋಗುವ ಕೂಲಿಯ ಪಾಡು ನಮ್ಮ ಸೀಮೆಯವರಿಗೆ ಹೊಸದಾಗಿ ವಿವರಿಸಬೇಕಾದದ್ದಲ್ಲ. ಸರಕಾರದ ಪುನರ್ವಸತಿ ಇಲಾಖೆಗಾಗಿ ಚಿತ್ರ ತೆಗೆಯುತ್ತಿದ್ದ ಡೊರೊತಿಯಾ ಲಾಂಗ್ ಎಂಬ ಮಹಿಳೆ ಅಲ್ಲಿಗೆ ಬಂದು, ಡೇರೆಯ ಕೆಳಗೆ ಮಕ್ಕಳೊಡನೆ ಕುಳಿತಿದ್ದ 32 ವರ್ಷದ ತಾಯಿಯೊಬ್ಬಳ ಹಲವು ಚಿತ್ರಗಳನ್ನು, ಒಂದಕ್ಕಿಂತ ಒಂದು ಹತ್ತಿರಕ್ಕೆ ಸರಿಯುತ್ತಾ, ಕೆಲವೇ ನಿಮಿಷಗಳಲ್ಲಿ ತೆಗೆದರು. ಕೊನೆಯದಾಗಿ ತೆಗೆದದ್ದರಲ್ಲಿ ಇಬ್ಬರು ಮಕ್ಕಳು ಮುಖ ತಿರುಗಿಸಿ ತಾಯಿಯ ಹೆಗಲಿಗೆ ಒರಗಿದ್ದಾರೆ, ಮಡಿಲಲ್ಲಿ ಹಸುಗೂಸು. ಕೈಯನ್ನು ಗಲ್ಲದ ಬಳಿ ಇಟ್ಟು ತಾಯಿ ದೂರ ನೋಡುತ್ತಿದ್ದಾಳೆ. ‘ವಲಸೆಯ ತಾಯಿ’ ಎಂದು ಪ್ರಸಿದ್ಧವಾದದ್ದು ಈ ಚಿತ್ರ.

ಅದೇ ತಿಂಗಳು ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಯೊಂದರಲ್ಲಿ ಈ ಚಿತ್ರಗಳೊಡನೆ ಕೂಲಿಕಾರರ ಸುದ್ದಿ ಪ್ರಕಟವಾಗಿ, ಸರಕಾರ 20,000 ಪೌಂಡು, ಎಂದರೆ ಸುಮಾರು 9 ಟನ್ನು ಆಹಾರವನ್ನು ಆ ಶಿಬಿರಕ್ಕೆ ಕಳುಹಿಸಿತು. ಚಿತ್ರದಿಂದ ಉಪಕಾರವಾಯಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆಹಾರ ಬರುವ ಹೊತ್ತಿಗೆ ಆ ತಾಯಿ ಮಕ್ಕಳನ್ನು ಕರೆದುಕೊಂಡು ಬೇರೆ ಊರಿಗೆ ಕೆಲಸ ಹುಡುಕಿಕೊಂಡು ಹೋಗಿಯಾಗಿತ್ತು. ಲಾಂಗ್ ಆಕೆಯ ವಯಸ್ಸನ್ನು ಬರೆದುಕೊಂಡಿದ್ದರು, ಹೆಸರನ್ನು ಕೇಳಿರಲಿಲ್ಲ. ಹೊಟ್ಟೆಗಾಗಿ ಆ ಕುಟುಂಬ ಕಾರಿನ ಟಯರುಗಳನ್ನೇ ಮಾರಿತ್ತೆಂದು ಲಾಂಗ್ ಮುಂದೆ ಬರೆದರು. ಅದು ನಡೆದೇ ಇಲ್ಲವೆಂದು ಕುಟುಂಬದವರು ನಂತರ ಹೇಳಿದರು. ಒಂದು ಸೋಜಿಗವೆಂದರೆ, ಚಿತ್ರದ ಮೂಲೆಯಲ್ಲಿ ಡೇರೆಯ ಕಂಬ ಹಿಡಿದಿದ್ದ ಹೆಬ್ಬೆರಳೊಂದು ಅಂದಗೆಡಿಸುತ್ತದೆಂದು ಅದನ್ನು ತಿದ್ದಿ ಅಳಿಸುವಷ್ಟು ಕಾಳಜಿ ಚಿತ್ರದ ಬಗ್ಗೆ ಇತ್ತು.

ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ, 42 ವರ್ಷಗಳ ಮೇಲೆ. ಆಕೆ ಅಮೆರಿಕದ ಮೂಲನಿವಾಸಿಗಳಾದ ಚೆರೊಕಿ ಜನಾಂಗದವಳು ಎಂಬುದೂ ಆಗಲೇ ಬಹಳ ಮಂದಿಗೆ ಗೊತ್ತಾಯಿತು. ಅಷ್ಟರಲ್ಲಿ ಆ ಚಿತ್ರ ಪುಸ್ತಕಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, ಗೋಡೆಗಳ ಮೇಲೆ ಎಲ್ಲೆಲ್ಲೂ ಬಂದುಹೋಗಿತ್ತು. ಸರಕಾರದ ಚಿತ್ರವಾದ್ದರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು. ತನಗೆ ಅದರಿಂದ ಒಂದು ಕಾಸೂ ಬರಲಿಲ್ಲ, ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು ಎಂಬ ಅರ್ಥದ ಮಾತನ್ನು ಆಕೆ ಪತ್ರಿಕೆಯವರಿಗೆ ಹೇಳಿದಳು. ತಾಯಿ ದುಡಿದು ಸಾಕಿದ ಗಟ್ಟಿಗಿತ್ತಿ. ಜಗತ್ತು ಮಾತ್ರ ಅವಳನ್ನು ಆ ಒಂದು ದಿನದ ಮುಖದಿಂದಲೇ ಗುರುತಿಸಿತು ಎಂಬುದು ಮಕ್ಕಳಿಗಿದ್ದ ನೋವು. 1983ರಲ್ಲಿ ಆಕೆ ಕಾಯಿಲೆ ಬಿದ್ದಾಗ ಆ ಚಿತ್ರವನ್ನು ನೆನೆದು ಸಾವಿರಾರು ಜನ ಹಣವನ್ನೂ ಪತ್ರಗಳನ್ನೂ ಕಳುಹಿಸಿದರು. ಅವನ್ನು ಓದಿದ ಮೇಲೆ ಮಕ್ಕಳ ಮನಸ್ಸು ಸ್ವಲ್ಪ ಬದಲಾಯಿತಂತೆ. ಆ ವರ್ಷವೇ ಆಕೆ ತೀರಿಕೊಂಡಳು.

ಈ ಕಥೆಯಲ್ಲಿ ಯಾರೂ ದುಷ್ಟರಿಲ್ಲ ಎಂಬುದನ್ನು ಗಮನಿಸಬೇಕು. ಲಾಂಗ್ ಬಡವರ ಪರವಾಗಿ ಜೀವನವಿಡೀ ದುಡಿದವರು. ಆದರೂ ಚಿತ್ರದಲ್ಲಿರುವವಳಿಗೆ ಆ ಚಿತ್ರದಲ್ಲಿ ಪಾಲಿರಲಿಲ್ಲ. ಅವಳ ಮುಖ ಒಂದು ದೇಶದ ಬಡತನದ ಗುರುತಾಯಿತು, ಅವಳು ಮಾತ್ರ ಹೊರಗುಳಿದಳು.

ಇದಕ್ಕೆ ಬದಲಾಗಿ ಇನ್ನೊಬ್ಬರ ಕ್ರಮವನ್ನು ನೋಡೋಣ. ಲೂಯಿಸ್ ಹೈನ್ ಎಂಬವರು ಮೊದಲು ನಮ್ಮಂತೆಯೇ ಶಾಲೆಯ ಉಪಾಧ್ಯಾಯರು, ನ್ಯೂಯಾರ್ಕಿನಲ್ಲಿದ್ದರು. 1908ರಿಂದ ಅಮೆರಿಕದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಗಿರಣಿ, ಗಣಿ, ಹೊಲಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಚಿತ್ರಗಳನ್ನು ತೆಗೆದರು. ಮಾಲೀಕರು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಮಾರಾಟಗಾರನ ವೇಷದಲ್ಲೋ ಇನ್ನೇನೋ ನೆವ ಹೇಳಿಯೋ ಹೋಗುತ್ತಿದ್ದರು. ಮಗುವಿನೊಡನೆ ಮಾತನಾಡಿ ಹೆಸರು, ವಯಸ್ಸು, ಎಷ್ಟು ಹೊತ್ತಿನ ಕೆಲಸ, ಕೂಲಿ ಎಷ್ಟು ಎಂಬುದನ್ನು ಜೇಬಿನೊಳಗೇ ಕೈಯಿಟ್ಟು ಗುರುತು ಹಾಕಿಕೊಳ್ಳುತ್ತಿದ್ದರು. ತಮ್ಮ ಕೋಟಿನ ಗುಂಡಿಗಳು ನೆಲದಿಂದ ಎಷ್ಟು ಎತ್ತರದಲ್ಲಿವೆ ಎಂದು ಮೊದಲೇ ಅಳೆದಿಟ್ಟುಕೊಂಡು, ಮಗು ಯಾವ ಗುಂಡಿಯವರೆಗೆ ಬರುತ್ತದೆ ಎಂದು ನೋಡಿ ಎತ್ತರವನ್ನು ತಿಳಿಯುತ್ತಿದ್ದರು. ಅವರ ಚಿತ್ರಗಳಲ್ಲಿ ಬಹಳಷ್ಟು ಮಕ್ಕಳು ನೇರವಾಗಿ ಕ್ಯಾಮರಾವನ್ನೇ ನೋಡುತ್ತಾ ನಿಂತಿದ್ದಾರೆ. ಕ್ಯಾಮರಾವನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಸಿ ತೆಗೆದವು ಅನೇಕ. ಕಾರ್ಖಾನೆಗಳಲ್ಲಿ ಮಕ್ಕಳ ದುಡಿಮೆಗೆ ತಡೆ ಹಾಕುವ ಕಾನೂನು ಆ ದೇಶದಲ್ಲಿ ಗಟ್ಟಿಯಾಗಿ ನಿಂತದ್ದು 1938ರಲ್ಲಿ. ಅದಕ್ಕೆ ನೆಲ ಹದ ಮಾಡಿದವುಗಳಲ್ಲಿ ಈ ಚಿತ್ರಗಳೂ ಸೇರಿವೆ. ಹೈನ್ ಸುಳ್ಳು ಹೇಳಲಿಲ್ಲವೇ ಎಂದು ಬುದ್ಧಿವಂತ ವಿದ್ಯಾರ್ಥಿ ಕೇಳಬಹುದು. ಹೇಳಿದರು, ಮಾಲೀಕರಿಗೆ, ಮಕ್ಕಳ ಬಗ್ಗೆ ಬರೆದುಕೊಂಡದ್ದರಲ್ಲಿ ನಿಖರತೆಗಾಗಿ ಗುಂಡಿ ಎಣಿಸಿದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಕಣ್ಣಿನ ಮಟ್ಟದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಚಿತ್ರ ಸುಳ್ಳು ಹೇಳುವುದಿಲ್ಲ ಎಂದು ಜನ ನಂಬುತ್ತಾರೆ. ಆದರೆ ಚಿತ್ರಕ್ಕೆ ನಾಲ್ಕು ಅಂಚುಗಳಿವೆ. ಅಂಚಿನಾಚೆ ಇದ್ದದ್ದು ನೋಡುವವರಿಗೆ ತಿಳಿಯುವುದಿಲ್ಲ. 1993ರ ಮಾರ್ಚ್‌ನಲ್ಲಿ ಸೂಡಾನಿನ ಬರಗಾಲದಲ್ಲಿ ಕೆವಿನ್ ಕಾರ್ಟರ್ ತೆಗೆದ ಚಿತ್ರವನ್ನು ನಿಮ್ಮಲ್ಲಿ ಹಲವರು ಮೊಬೈಲಿನಲ್ಲಿ ನೋಡಿರಬಹುದು. ನೆಲಕ್ಕೆ ಕುಸಿದ ಮಗು, ಹಿಂದೆ ಕುಳಿತ ರಣಹದ್ದು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಅದು ಬಂದಾಗ ಮಗು ಏನಾಯಿತೆಂದು ಓದುಗರು ಎಷ್ಟು ಕೇಳಿದರೆಂದರೆ ಪತ್ರಿಕೆ ಕೆಲವೇ ದಿನಗಳಲ್ಲಿ ಟಿಪ್ಪಣಿಯೊಂದನ್ನು ಹಾಕಬೇಕಾಯಿತು. ಚಿತ್ರದ ಅಂಚಿನಾಚೆ ಆಹಾರ ವಿತರಣೆಯ ಕೇಂದ್ರವಿತ್ತು. ಚಿತ್ರಕ್ಕೆ 1994ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ಅದೇ ವರ್ಷ ಜುಲೈಯಲ್ಲಿ ಕಾರ್ಟರ್ ಬದುಕಿರಲಿಲ್ಲ. ಆತನನ್ನೇ ರಣಹದ್ದು ಎಂದು ಬೈದವರಿದ್ದರು. ಮನೆಯಲ್ಲಿ ಕುಳಿತು ಬೈಯುವುದು ಸುಲಭ. ನಮ್ಮ ಸೀಮೆಯ ಬರದ ಚಿತ್ರವೆಂದರೂ ಹಾಗೆಯೇ. ಬಿರುಕುಬಿಟ್ಟ ಕೆರೆಯಂಗಳ, ತಲೆಯ ಮೇಲೆ ಕೈಹೊತ್ತು ಕುಳಿತ ರೈತ, ಇಷ್ಟೇ. ಆ ರೈತ ಸಂಜೆ ಮನೆಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಂಡು ನಗುವುದೂ ಉಂಟು, ಅದು ಅಂಚಿನಾಚೆ. ಮೇಲಿನಿಂದ ಕೆಳಕ್ಕೆ ಕ್ಯಾಮರಾ ಹಿಡಿದರೆ ಎದುರಿಗಿರುವವರು ಬೇಡುವವರಂತೆ ಕಾಣುತ್ತಾರೆ. ಎದುರಿಗೆ ಕುಳಿತು ತೆಗೆದರೆ ಮಾತನಾಡುವವರಂತೆ ಕಾಣುತ್ತಾರೆ. ಇದನ್ನು ನಂಬದವರು ಮನೆಯಲ್ಲಿ ಅಜ್ಜಿಯದೇ ಎರಡು ಚಿತ್ರ ತೆಗೆದು ನೋಡಲಿ.

ಇನ್ನು ಕೊಡುಗೆಯ ಚಿತ್ರಗಳು. ಇವು ಈಗ ಊರೂರಲ್ಲಿ ಹೆಚ್ಚಾಗಿವೆ. ಐದು ಕಿಲೋ ಅಕ್ಕಿಯ ಚೀಲ. ಅದನ್ನು ಆರು ಜನ ಹಿಡಿದಿದ್ದಾರೆ. ತೆಗೆದುಕೊಳ್ಳುವ ಮುದುಕಿ ತಲೆ ತಗ್ಗಿಸಿದ್ದಾಳೆ. ಅವಳು ಒಪ್ಪಿಯೇ ನಿಂತಳು ಎನ್ನುತ್ತಾರೆ. ಅಕ್ಕಿ ಇನ್ನೂ ಕೊಡುವವರ ಕೈಯಲ್ಲಿರುವಾಗ ಚಿತ್ರಕ್ಕೆ ನಿಲ್ಲುತ್ತೀಯಾ ಎಂದು ಕೇಳಿದರೆ ಬೇಡವೆನ್ನುವ ಶಕ್ತಿ ಯಾರಿಗಿದೆ? ಅದು ಒಪ್ಪಿಗೆಯಲ್ಲ, ಅಕ್ಕಿಯ ಬೆಲೆ. 2020ರಲ್ಲಿ ಕೊರೋನಾ ಕಾಲದ ಲಾಕ್‌ಡೌನಿನಲ್ಲಿ ಇಂಥ ಚಿತ್ರಗಳು ಮಿತಿಮೀರಿ, ಆಹಾರ ಹಂಚುವಾಗ ಛಾಯಾಚಿತ್ರ ತೆಗೆಯಬಾರದೆಂದು ರಾಜಸ್ಥಾನದಲ್ಲಿ ಸರಕಾರವೇ ಹೇಳಬೇಕಾಯಿತು. ಲೆಕ್ಕಕ್ಕೆ ಚಿತ್ರ ಬೇಕೆಂಬ ಮಾತು ಪೂರ್ಣ ಸುಳ್ಳಲ್ಲ. ದಾನಿಗಳು ಸಾಕ್ಷಿ ಕೇಳುತ್ತಾರೆ. ಆದರೆ ಚೀಲಗಳ ರಾಶಿಯ ಚಿತ್ರ, ರಸೀದಿ, ಸಹಿಯ ಪಟ್ಟಿ ಇವು ಸಾಕ್ಷಿಯಲ್ಲವೇ? ಪೋಷಕರಲ್ಲಿ ಹಲವರು ಊರಿನ ಸಂಘಗಳಲ್ಲಿ ಇರುವವರು. ಪುಸ್ತಕ, ಬ್ಯಾಗು ಹಂಚುವ ದಿನ ಈ ಮಾತನ್ನು ಅಲ್ಲಿ ಎತ್ತಬೇಕೆಂದು ಕೇಳಿಕೊಳ್ಳುತ್ತೇವೆ. ಉಚಿತವಾಗಿ ಬ್ಯಾಗು ಪಡೆದ ಹುಡುಗಿ ನಾಳೆ ತರಗತಿಯಲ್ಲಿ ಆ ಚಿತ್ರ ನೋಡಿದವರ ನಡುವೆಯೇ ಕುಳಿತುಕೊಳ್ಳಬೇಕು. ಊರಿನ ವಾಟ್ಸ್ಯಾಪ್ ಗುಂಪಿಗೆ ಹೋದ ಚಿತ್ರ ಊರಿನಲ್ಲಿಯೇ ನಿಲ್ಲುವುದಿಲ್ಲ, ಹಿಂದಕ್ಕೆ ಕರೆಯಲೂ ಆಗುವುದಿಲ್ಲ.

ಕಾನೂನು ಏನು ಹೇಳುತ್ತದೆ? ಸಾರ್ವಜನಿಕ ಸ್ಥಳದಲ್ಲಿ ಚಿತ್ರ ತೆಗೆಯುವುದು ಸಾಮಾನ್ಯವಾಗಿ ಅಪರಾಧವಲ್ಲ. ಆದರೆ 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮಿನ ಪ್ರಕಾರ, ವಿಚಾರಣೆಗೆ ಸಂಬಂಧಿಸಿದಂತೆ, ರಕ್ಷಣೆ ಬೇಕಾದ ಮಗುವಿನ ಗುರುತು ಸಿಗುವಂಥ ಚಿತ್ರವನ್ನಾಗಲಿ ಹೆಸರನ್ನಾಗಲಿ ಪ್ರಕಟಿಸಿದರೆ ಶಿಕ್ಷೆಯುಂಟು. ಬೇಡುವ ಮಕ್ಕಳು, ಬೀದಿಯಲ್ಲಿ ಬದುಕುವ ಮಕ್ಕಳು ಈ ವರ್ಗಕ್ಕೆ ಬರುತ್ತಾರೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಮನೆಗೆ ಬಾಗಿಲಿಲ್ಲದವನಿಗೂ ಈ ಹಕ್ಕು ಇದೆ. ಬಾಗಿಲಿಲ್ಲದ್ದರಿಂದಲೇ ಅವನ ಸಂಸಾರವೆಲ್ಲ ಕ್ಯಾಮರಾಕ್ಕೆ ಸುಲಭವಾಗಿ ಕಾಣುತ್ತದೆ ಎಂಬುದು ಬೇರೆ ಮಾತು.

ಗ್ರಾಮ ಸಮೀಕ್ಷೆಯ ಕೆಲಸಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಕೆಲವು ಮಾತು. ಹೋದ ಕೂಡಲೇ ಮೊಬೈಲು ತೆಗೆಯಬೇಡಿ. ಮೊದಲು ಕುಳಿತು ಮಾತನಾಡಿ. ಅವರ ಭಾಷೆಯಲ್ಲಿಯೇ ಕೇಳಿ. ನಮ್ಮ ಊರುಗಳಲ್ಲಿ ಒಂದು ಓಣಿ ಕನ್ನಡ, ಪಕ್ಕದ್ದು ತೆಲುಗು. ಕನ್ನಡದಲ್ಲಿ ಕೇಳಿದ್ದಕ್ಕೆ ತೆಲುಗಿನವರು ಅರ್ಥವಾಗದೆ ತಲೆಯಾಡಿಸಿದರೆ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬಾರದು. ಚಿತ್ರ ಎಲ್ಲಿ ಬರುತ್ತದೆ, ಯಾರು ನೋಡುತ್ತಾರೆ ಎಂದು ತಿಳಿಸಿ. ಸೆರಗು ಸರಿಮಾಡಿಕೊಳ್ಳಲು, ಒಳ್ಳೆಯ ಅಂಗಿ ತೊಟ್ಟು ಬರಲು ಸಮಯ ಕೊಡಿ. ಒಳ್ಳೆಯ ಅಂಗಿ ತೊಟ್ಟರೆ ಬಡತನ ಕಾಣುವುದಿಲ್ಲವಲ್ಲ ಎಂದು ಒಬ್ಬ ವಿದ್ಯಾರ್ಥಿ ನಮ್ಮನ್ನು ಕೇಳಿದ. ಅವರು ಹೇಗೆ ಕಾಣಬಯಸುತ್ತಾರೆ ಎಂಬುದೂ ಅವರ ಬದುಕಿನ ಸತ್ಯವೇ. ಕೂಲಿ ಎಷ್ಟು, ನೀರು ಎಷ್ಟು ದೂರ ಎಂಬುದನ್ನು ಬರಹದಲ್ಲಿ ತಿಳಿಸಬಹುದು. ತೆಗೆದ ಚಿತ್ರವನ್ನು ಅಲ್ಲಿಯೇ ತೋರಿಸಿ, ಅವರು ಅಳಿಸು ಎಂದರೆ ಅವರೆದುರಿಗೇ ಅಳಿಸಿ. ಒಪ್ಪಿದವರ ಹೆಸರು, ಊರು ಕೇಳಿ ಬರೆದುಕೊಂಡು, ಒಂದು ಪ್ರತಿಯನ್ನು ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ ತಲುಪಿಸಿ. ಕೆಲವು ಮನೆಗಳಲ್ಲಿ ಅಜ್ಜ ಅಜ್ಜಿಯರಿಗೆ ಮತದಾರರ ಚೀಟಿಯ ಚಿತ್ರ ಬಿಟ್ಟರೆ ಬೇರೆ ಚಿತ್ರವೇ ಇರುವುದಿಲ್ಲ. ಬೇಡವೆಂದವರ ಹೆಸರನ್ನು ಸಮೀಕ್ಷೆಯ ಪುಸ್ತಕದಲ್ಲಿ ಬರೆಯುವ ಅಗತ್ಯವಿಲ್ಲ, ಏಕೆ ಬೇಡವೆಂದು ಕೇಳುವ ಅಗತ್ಯವೂ ಇಲ್ಲ.